ಸುಂಟಿಕೊಪ್ಪದ ಕಿಟಕಿ ಪಕ್ಕ ಒಂದು ಫೋಟೋ ಮೇಜು

ನಮ್ಮ ಅತ್ತಿಗೆಯದು ಸಣ್ಣ ವ್ಯಾಪಾರ. ಕಾಫಿ ಪುಡಿ, ಕರಿಮೆಣಸು, ಏಲಕ್ಕಿ, ಜೇನು, ಅಡುಗೆಗೆ ಹಾಕುವ ಕಪ್ಪು ಹುಳಿ ಕಚಂಪುಳಿ. ಕೊಡಗಿನ ಸುಂಟಿಕೊಪ್ಪದ ಮನೆಯಲ್ಲೇ ಪ್ಯಾಕ್ ಮಾಡುತ್ತಾರೆ. ಆರ್ಡರ್ ಬರುವುದು ವಾಟ್ಸಾಪ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ. ಮಾಲು ಒಳ್ಳೆಯದು, ಫೋಟೋ ಮಾತ್ರ ಅದರ ಮರ್ಯಾದೆ ತೆಗೆಯುತ್ತಿತ್ತು. ಜೇನಿನ ಬಾಟಲಿ ನೋಡಿ ಬೆಂಗಳೂರಿನ ಗಿರಾಕಿಯೊಬ್ಬರು "ಜೋನಿ ಬೆಲ್ಲ ಎಷ್ಟು ಮೇಡಂ?" ಎಂದು ಕೇಳಿದ್ದರು. ಏಲಕ್ಕಿ ಹಳದಿಯಾಗಿ ಕಂಡರೆ ಹಳೇ ಸ್ಟಾಕ್ ಅಂತ ಅನುಮಾನ ಪಡುವವರು ಬೇರೆ.

"ಹೊಸ ಫೋನ್ ತಗೊಳ್ಳದೆ ಆಗಲ್ಲ ಕಣೋ" ಎಂದು ಅತ್ತಿಗೆ ತೀರ್ಮಾನ ಮಾಡಿಬಿಟ್ಟಿದ್ದರು. ನನಗೆ ಹಾಗನ್ನಿಸಲಿಲ್ಲ. ಅವರ ಕೈಯಲ್ಲಿದ್ದದ್ದು 50 ಮೆಗಾಪಿಕ್ಸೆಲ್ ಕ್ಯಾಮೆರಾದ ಸಾಧಾರಣ ಆಂಡ್ರಾಯ್ಡ್ ಫೋನ್. ಇನ್‌ಸ್ಟಾಗ್ರಾಮ್‌ಗೆ ಬೇಕಾದ ಅಗಲ 1080 ಪಿಕ್ಸೆಲ್. ಅಷ್ಟಕ್ಕೆ ಈ ಫೋನ್ ಜಾಸ್ತಿಯೇ ಆಯಿತು. "ಅತ್ತಿಗೆ, ಫೋನಿನ ದುಡ್ಡು ಹಾಗೇ ಇಟ್ಟಿರಿ. ನನಗೆ ಮೂಲೆ ರೂಮಿನ ಕಿಟಕಿ ಬಿಟ್ಟುಕೊಡಿ ಸಾಕು" ಎಂದೆ. ಅಲ್ಲಿ ಅವರ ಹೊಲಿಗೆ ಮೆಷಿನ್ ಇತ್ತು. ಅದನ್ನು ಸರಿಸಲು ಒಪ್ಪಿಸಿದ್ದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಭಾಗ.

ಬಿಳಿ ಹಾಳೆಯ ಪರೀಕ್ಷೆ

ಸಾಮಾನು ತರುವ ಮೊದಲು ಮನೆಯ ಬೆಳಕು ಹೇಗಿದೆ ಎಂದು ನೋಡಬೇಕು. ಇದಕ್ಕೆ ಒಂದು ಎ4 ಹಾಳೆ ಸಾಕು. ಮಧ್ಯಕ್ಕೆ ಮಡಿಚಿ, ಮಡಿಕೆ ನಮ್ಮ ಕಡೆ ಬರುವ ಹಾಗೆ ಮೇಜಿನ ಮೇಲೆ ನಿಲ್ಲಿಸಬೇಕು. ಫೋಟೋ ತೆಗೆದು ಎರಡೂ ಮುಖದ ಬಣ್ಣ ನೋಡಬೇಕು. ಹಾಲ್‌ನಲ್ಲಿ ಟ್ಯೂಬ್‌ಲೈಟ್ ಒಂದು ಕಡೆ, ದೇವರ ಮನೆಯ ಹಳದಿ ಬಲ್ಬ್ ಇನ್ನೊಂದು ಕಡೆ. ಹಾಳೆಯ ಒಂದು ಮುಖ ನೀಲಿ, ಒಂದು ಮುಖ ಹಳದಿ. ಜಗಲಿಯಲ್ಲಿ ಬೆಳಕು ಮೆತ್ತಗಿದೆ, ಆದರೆ ಎಲ್ಲ ಕಡೆಯಿಂದಲೂ ಬರುತ್ತದೆ. ವಸ್ತುವಿಗೆ ಉಬ್ಬು ತಗ್ಗೇ ಕಾಣುವುದಿಲ್ಲ. ಮೂಲೆ ರೂಮಿನ ಕಿಟಕಿ ಪಕ್ಕ ಚೆನ್ನಾಗಿತ್ತು. ಆದರೆ ಅಲ್ಲೂ ಹಾಳೆಯ ಕಿಟಕಿ ಕಡೆಯ ಮುಖಕ್ಕೆ ಹಸಿರು ಛಾಯೆ, ಕೆಳಗಿನ ಅಂಚಿಗೆ ಗುಲಾಬಿ ಛಾಯೆ.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕಿಟಕಿ ಆಚೆ ಕಾಫಿ ಗಿಡ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಎಲೆಗೆ ಬಡಿದು ಒಳಗೆ ಬರುವ ಬೆಳಕು ಹಸಿರಾಗಿಯೇ ಬರುತ್ತದೆ. ಒಳಗೆ ಹಳೇ ಕಾಲದ ಕೆಂಪು ರೆಡ್ ಆಕ್ಸೈಡ್ ನೆಲ. ಅದು ಕೆಳಗಿನಿಂದ ಕೆಂಪು ಎರಚುತ್ತದೆ. ಕಣ್ಣು ಇದನ್ನು ತಾನೇ ಸರಿಮಾಡಿಕೊಳ್ಳುವುದರಿಂದ ನಮಗೆ ಗೊತ್ತಾಗುವುದಿಲ್ಲ. ಫೋನಿನ ಆಟೋ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬಣ್ಣ ತಿದ್ದುವ ವ್ಯವಸ್ಥೆ, ಇಡೀ ಚಿತ್ರಕ್ಕೆ ಒಂದೇ ತಿದ್ದುಪಡಿ ಮಾಡುತ್ತದೆ. ಹಸಿರು ತೆಗೆದರೆ ಗುಲಾಬಿ ಜಾಸ್ತಿ, ಗುಲಾಬಿ ತೆಗೆದರೆ ಹಸಿರು ಜಾಸ್ತಿ. ಕೊಡಗಿನಲ್ಲಿ ಮನೆ ಸುತ್ತ ತೋಟ, ಒಳಗೆ ಕೆಂಪು ನೆಲ ಎಷ್ಟೋ ಕಡೆ ಇದೆ. ನಾನು ನೋಡಿದ ಫೋಟೋಗ್ರಫಿ ವಿಡಿಯೋಗಳಲ್ಲಿ ಇದರ ಸುದ್ದಿಯೇ ಇರಲಿಲ್ಲ. ಅವರಿಗೆಲ್ಲ ಬಿಳಿ ಗೋಡೆಯ ಫ್ಲ್ಯಾಟ್ ಇರಬೇಕು.

ಹಾಗಾಗಿ ಮೊದಲ ಕೆಲಸ ಬೆಳಕು ತಡೆಯುವುದು. ಕಿಟಕಿಯ ಕೆಳಗಿನ ಅರ್ಧಕ್ಕೆ ಕಪ್ಪು ಬಟ್ಟೆ ಸುತ್ತಿದ ರಟ್ಟು ಕಟ್ಟಿದೆವು. ಈಗ ತೋಟದ ಬೆಳಕು ಮುಕ್ಕಾಲು ಪಾಲು ನಿಂತಿತು. ಮೇಲಿನ ಅರ್ಧದಿಂದ ಬರುವುದು ಆಕಾಶದ ಬೆಳಕು. ನೆಲಕ್ಕೆ, ಮೇಜಿನ ಸುತ್ತ, ಹಳೇ ಬಿಳಿ ಬೆಡ್‌ಶೀಟ್ ಹಾಸಿದೆವು. ಮನೆಯ ಬಲ್ಬೆಲ್ಲ ಆಫ್. ಮತ್ತೆ ಹಾಳೆ ಇಟ್ಟು ತೆಗೆದಾಗ ಎರಡೂ ಮುಖ ಒಂದೇ ಬಣ್ಣಕ್ಕೆ ಬಂದವು. ಒಂದು ಕಡೆ ಬೆಳಕು ಜಾಸ್ತಿ, ಒಂದು ಕಡೆ ಕಡಿಮೆ, ಅಷ್ಟೇ ವ್ಯತ್ಯಾಸ. ಬೇಕಾದ್ದೂ ಅದೇ.

ಯಾವ ದಿಕ್ಕಿನ ಕಿಟಕಿ ಎಂಬ ಪ್ರಶ್ನೆ ಬರುತ್ತದೆ. ಉತ್ತರದ ಕಿಟಕಿ ಒಳ್ಳೆಯದು, ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ ಎಂಬ ಮಾತು ಎಲ್ಲ ಕಡೆ ಕೇಳುತ್ತೀರಿ. ಅದು ಯುರೋಪಿಗೆ, ದೆಹಲಿಗೆ ಹೆಚ್ಚುಕಡಿಮೆ ಸರಿ. ನಮಗೆ ಹತ್ತಿರದ ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಜೂನ್ ನಂತರ ಮೋಡ ಇರುವುದರಿಂದ ಅದು ತೊಂದರೆ ಅಲ್ಲ. ಮೇ ತಿಂಗಳ ಬೆಳಗ್ಗೆ ಸಂಜೆ ಮಾತ್ರ ಉತ್ತರದ ಕಿಟಕಿಯಲ್ಲೂ ಬಿಸಿಲು ಓರೆಯಾಗಿ ಒಳಗೆ ಬರುತ್ತದೆ. ನಮ್ಮ ಹೆಂಚಿನ ಮಾಡು ಉದ್ದಕ್ಕೆ ಇಳಿದಿರುವುದರಿಂದ ಮಧ್ಯಾಹ್ನದ ಬಿಸಿಲು ಅಲ್ಲೇ ನಿಲ್ಲುತ್ತದೆ. ಅತ್ತಿಗೆಯ ಕಿಟಕಿ ಪೂರ್ವಕ್ಕಿದೆ. ಬೆಳಗ್ಗೆ ಹತ್ತರ ಮೇಲೆ ಶುರುಮಾಡಿದರೆ ಯಾವ ಗೋಳೂ ಇಲ್ಲ.

ಪೈಪಿನ ಚೌಕಟ್ಟು

ಮಳೆಗಾಲದ ಮೋಡ ಇದ್ದ ದಿನ ಬೆಳಕನ್ನು ಮೆತ್ತಗೆ ಮಾಡುವ ಅಗತ್ಯವೇ ಇಲ್ಲ. ಆಕಾಶವೇ ಆ ಕೆಲಸ ಮಾಡಿಕೊಡುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೇಲೆ ಮಳೆ ಸುರಿಯುತ್ತದೆ. ಬಟ್ಟೆ ಒಣಗದೆ ಎಲ್ಲರೂ ಬೈಯುವ ಜುಲೈ ತಿಂಗಳು ಪ್ರಾಡಕ್ಟ್ ಫೋಟೋಗೆ ವರ್ಷದಲ್ಲೇ ಒಳ್ಳೆಯ ತಿಂಗಳು. ಮಳೆ ಬಿಟ್ಟ ಮೇಲೆ, ಅಕ್ಟೋಬರ್‌ನಿಂದ ಮೇ ತನಕ, ಬಿಸಿಲಿಗೆ ತಡೆ ಬೇಕು. ಅದಕ್ಕೆ ಈ ಚೌಕಟ್ಟು.

ಕುಶಾಲನಗರದ ಹಾರ್ಡ್‌ವೇರ್ ಅಂಗಡಿಯಲ್ಲಿ ಮುಕ್ಕಾಲು ಇಂಚಿನ ಪಿವಿಸಿ ಪೈಪ್ 20 ಅಡಿಯದು ಒಂದು ತಂದೆವು. ಜೊತೆಗೆ ಮೂಲೆಗೆ ಹಾಕುವ ಎಲ್ಬೋ ಎರಡು, ಮೂರು ಪೈಪ್ ಸೇರಿಸುವ ಟಿ ಆಕಾರದ ಟೀ ನಾಲ್ಕು, ಎಂಡ್ ಕ್ಯಾಪ್ ನಾಲ್ಕು. ಹ್ಯಾಕ್ಸಾದಲ್ಲಿ ಹೀಗೆ ಕತ್ತರಿಸಿದೆ: ಅಡ್ಡಕ್ಕೆ 36 ಇಂಚಿನ ಎರಡು ತುಂಡು, ನೆಟ್ಟಗೆ ನಿಲ್ಲಲು 32 ಇಂಚಿನ ಎರಡು, ಅವುಗಳ ಕೆಳಗೆ 4 ಇಂಚಿನ ಎರಡು, ಪಾದಕ್ಕೆ 9 ಇಂಚಿನ ನಾಲ್ಕು. ಒಟ್ಟು 15 ಅಡಿ ಆಗುತ್ತದೆ, ಉಳಿದದ್ದು ಆಮೇಲೆ ಕೆಲಸಕ್ಕೆ ಬರುತ್ತದೆ. ಮೇಲಿನ ಎರಡು ಮೂಲೆಗೆ ಎಲ್ಬೋ. ಕೆಳಗಿನ ಅಡ್ಡ ಪೈಪಿನ ಎರಡು ತುದಿಗೆ ಟೀ. ಅಲ್ಲಿಂದ 4 ಇಂಚಿನ ತುಂಡು ಕೆಳಗಿಳಿದು ಪಾದದ ಟೀಗೆ ಸೇರುತ್ತದೆ. ಆ ಟೀಗೆ ಹಿಂದೆ ಮುಂದೆ 9 ಇಂಚಿನ ಪಾದಗಳು, ತುದಿಗೆ ಕ್ಯಾಪ್. ಸಾಲ್ವೆಂಟ್ ಹಚ್ಚಲಿಲ್ಲ. ಕೈಯಲ್ಲಿ ಗಟ್ಟಿಯಾಗಿ ತುರುಕಿದರೆ ಸಾಕು, ಬೇಡದಾಗ ಬಿಚ್ಚಿ ಮಂಚದ ಕೆಳಗೆ ತಳ್ಳಬಹುದು. ಪೈಪ್ ಹಗುರ, ಗಾಳಿ ಬಂದರೆ ಬೀಳುತ್ತದೆ. ಎರಡು ಪಾದದ ಮೇಲೂ ಒಂದೊಂದು ಇಟ್ಟಿಗೆ ಇಟ್ಟೆವು.

ಇದಕ್ಕೆ ಏನು ಕಟ್ಟುವುದು? ಬಟರ್ ಪೇಪರ್ ಎಲ್ಲರೂ ಹೇಳುವ ಉಪಾಯ. ನಮ್ಮ ಊರಿನ ತೇವಕ್ಕೆ ಅದು ಆಗಿಬರಲ್ಲ. ಸಂಜೆ ಬಿಗಿಯಾಗಿ ಕಟ್ಟಿದ್ದು ಬೆಳಗ್ಗೆ ಹೊತ್ತಿಗೆ ಜೋಲು ಬಿದ್ದಿರುತ್ತದೆ. ಅದರ ಸುಕ್ಕೆಲ್ಲ ಬಾಟಲಿಯ ಗಾಜಿನಲ್ಲಿ ಪ್ರತಿಫಲಿಸುತ್ತದೆ. ಅಣ್ಣನ ಬಿಳಿ ಪಂಚೆ ಸರಿಹೋಯಿತು. ಎರಡು ವಿಷಯ ನೋಡಿಕೊಳ್ಳಬೇಕು. ಬಣ್ಣದ ಅಂಚು ಚೌಕಟ್ಟಿನಿಂದ ಹೊರಗೆ ಇರಬೇಕು. ಮತ್ತೆ ಆ ಪಂಚೆಗೆ ನೀಲಿ ಹಾಕಿ ಒಗೆದಿರಬಾರದು, ಬೆಳಕಿಗೂ ಆ ನೀಲಿ ಹತ್ತುತ್ತದೆ. ಅಣ್ಣ ಹೊಸ ಪಂಚೆ ಕೊಡಲು ಸುತಾರಾಂ ಒಪ್ಪಲಿಲ್ಲ. ಹಳೆಯದನ್ನೇ ಬರೀ ನೀರಿನಲ್ಲಿ ಚೆನ್ನಾಗಿ ಜಾಲಿಸಿ ತಂದೆವು. ಬೈಂಡರ್ ಕ್ಲಿಪ್ ಹಾಕಿ ಬಿಗಿಯಬೇಕು. ತಂಬೂರಿ ತಂತಿಯಷ್ಟು ಬಿಗಿ ಬೇಡ, ಸುಕ್ಕಿಲ್ಲದಿದ್ದರೆ ಸಾಕು.

ಮೇಜು, ಹಿನ್ನೆಲೆ, ಕಪ್ಪು ಬಟ್ಟೆ

ಹಿನ್ನೆಲೆಗೆ ಚಾರ್ಟ್ ಪೇಪರ್ ಅಗ್ಗ. ಆದರೆ ಅದೂ ತೇವಕ್ಕೆ ಅಲೆ ಅಲೆಯಾಗುತ್ತದೆ, ಆಮೇಲೆ ಬೂಷ್ಟು ಹಿಡಿಯುತ್ತದೆ. ಜೇನು ಒಂದು ತೊಟ್ಟು ಬಿದ್ದರೆ ಹಾಳೆ ಎಸೆಯಬೇಕು. ಬಡಗಿಯ ಹತ್ತಿರ ಅಡುಗೆಮನೆ ಕಪಾಟಿಗೆ ಹಾಕಿ ಉಳಿದ ಸನ್‌ಮೈಕಾ ತುಂಡು ಸಿಕ್ಕಿತು. ಬಿಳಿ, ಹೊಳಪಿಲ್ಲದ ಮ್ಯಾಟ್ ಫಿನಿಶ್. 1 ಮಿಲಿಮೀಟರ್ ದಪ್ಪದ್ದು ಸಲೀಸಾಗಿ ಬಾಗುತ್ತದೆ. ಒಂದು ತುದಿ ಮೇಜಿನ ಮೇಲೆ, ಇನ್ನೊಂದು ತುದಿ ಗೋಡೆಗೆ ಒರಗಿಸಿ, ಮಧ್ಯದಲ್ಲಿ ದೊಡ್ಡ ಬಾಗು ಬಿಟ್ಟರೆ ಮೇಜು ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಫೋಟೋದಲ್ಲಿ ಗೊತ್ತಾಗುವುದಿಲ್ಲ. ಬಾಗು ಬಿಗಿ ಮಾಡಿದರೆ ಸನ್‌ಮೈಕಾ ಸೀಳುತ್ತದೆ, ಜೋಪಾನ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಹೊಸದು.

ಕಿಟಕಿಗೆ ಎದುರು ಬದಿಯಲ್ಲಿ ಥರ್ಮಾಕೋಲ್ ಹಾಳೆ ನಿಲ್ಲಿಸುವುದು ಎಲ್ಲರಿಗೂ ಗೊತ್ತಿರುವುದೇ. ಕಿಟಕಿಯ ಬೆಳಕು ಅದಕ್ಕೆ ಬಡಿದು ವಾಪಸ್ ಬಂದು ನೆರಳನ್ನು ತಿಳಿ ಮಾಡುತ್ತದೆ. ಹತ್ತಿರ ತಂದರೆ ನೆರಳು ತಿಳಿ, ದೂರ ಸರಿಸಿದರೆ ಗಾಢ.

ಆದರೆ ಈ ಮೇಜಿನಲ್ಲಿ ಬಿಳಿಗಿಂತ ಜಾಸ್ತಿ ಕೆಲಸ ಮಾಡಿದ್ದು ಕಪ್ಪು ಬಟ್ಟೆ. ಫೋಟೋ ಸರಿ ಬಂದಿಲ್ಲ ಅಂದರೆ ಜನ ಇನ್ನೊಂದು ಲೈಟ್ ಕೊಳ್ಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹತ್ತರಲ್ಲಿ ಎಂಟು ಸಲ ತೊಂದರೆ ಇರುವುದು ಬೇಡದ ಕಡೆಯಿಂದ ಬರುವ ಬೆಳಕಿನಲ್ಲಿ. ಗಾಜಿನ ಬಾಟಲಿ, ಹೊಳೆಯುವ ಪೌಚ್, ಹುರಿದ ಕಾಫಿ ಬೀಜ, ಇವಕ್ಕೆಲ್ಲ ಆಕಾರ ಬರುವುದು ಪಕ್ಕದಲ್ಲಿ ಕಪ್ಪು ಇದ್ದಾಗ. ಬಟ್ಟೆಯಲ್ಲಿ ವೆಲ್ವೆಟ್ ಒಳ್ಳೆಯದು. ಮಾಮೂಲು ಕಾಟನ್ ಕಪ್ಪು ಫೋಟೋದಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ, ವೆಲ್ವೆಟ್ ಬೆಳಕನ್ನು ನುಂಗಿಬಿಡುತ್ತದೆ. ಧೂಳು ಮಾತ್ರ ಹಿಡಿಯುತ್ತದೆ. ಸೆಲ್ಲೋ ಟೇಪ್ ಅಂಟಿಸಿ ಕಿತ್ತರೆ ಹೋಗುತ್ತದೆ. ಇಲ್ಲಿಯವರೆಗೆ ಎಲ್ಲ ಸೇರಿ ಖರ್ಚು ಸಾವಿರ ರೂಪಾಯಿ ಮುಟ್ಟಲಿಲ್ಲ.

ಫೋನ್ ನಿಲ್ಲಿಸಲು ಮೊಬೈಲ್ ಅಂಗಡಿಯ ಮಾಮೂಲು ಟ್ರೈಪಾಡ್. ಮೇಲಿನಿಂದ ನೇರ ಕೆಳಕ್ಕೆ ತೆಗೆಯುವ ಫೋಟೋಗೆ ಅದು ಆಗುವುದಿಲ್ಲ. ಗೋಡೆಯ ಶೆಲ್ಫ್ ಮೇಲೆ ಒಂದು ಉದ್ದ ಹಲಗೆ ಇಟ್ಟು, ಮುಂದಿನ ತುದಿ ಮೇಜಿನ ಮೇಲೆ ಚಾಚುವ ಹಾಗೆ ಮಾಡಿದೆವು. ಆ ತುದಿಯಲ್ಲಿ ಕ್ಯಾಮೆರಾ ಮಾತ್ರ ಹೊರಗೆ ಬರುವಂತೆ ಫೋನ್ ಮಲಗಿಸಿ ರಬ್ಬರ್ ಬ್ಯಾಂಡ್ ಹಾಕಿದರೆ ಆಯಿತು. ಹಿಂದಿನ ತುದಿಗೆ ಭಾರ ಬೇಕಲ್ಲ, ಐದು ಕಿಲೋ ಕಾಫಿ ಬೀಜದ ಚೀಲ ಇಟ್ಟೆವು. ಕ್ಲಿಕ್ ಮಾಡಲು ಫೋನ್ ಮುಟ್ಟಿದರೆ ಅಲುಗುತ್ತದೆ. ಮೂರು ಸೆಕೆಂಡ್ ಟೈಮರ್ ಇಡಬೇಕು. ಇಲ್ಲದಿದ್ದರೆ ವೈರಿನ ಇಯರ್‌ಫೋನ್ ಚುಚ್ಚಿ ಅದರ ವಾಲ್ಯೂಮ್ ಬಟನ್ ಒತ್ತಬೇಕು, ತುಂಬ ಫೋನ್‌ಗಳಲ್ಲಿ ಅದೇ ಶಟರ್ ಆಗಿ ಕೆಲಸ ಮಾಡುತ್ತದೆ.

ಜೇನು

ಎಲ್ಲಕ್ಕಿಂತ ಹೊತ್ತು ಹಿಡಿದದ್ದು ಇದು. ಜೇನು ಮುಂದಿನಿಂದ ಬೆಳಕು ಬಿದ್ದರೆ ಕಪ್ಪಗೆ ಕಾಣುತ್ತದೆ. ಜೋನಿ ಬೆಲ್ಲದ ಪ್ರಶ್ನೆ ಬಂದದ್ದು ಅದಕ್ಕೇ. ಬೆಳಕು ಹಿಂದಿನಿಂದ ತೂರಿ ಬಂದರೆ ಮಾತ್ರ ಜೇನಿನ ನಿಜವಾದ ಬಣ್ಣ ಹೊರಗೆ ಬರುತ್ತದೆ.

ಮೊದಲ ಉಪಾಯ ಬಾಟಲಿಯ ಹಿಂದೆ ಅವಿತುಕೊಳ್ಳುವ ರಟ್ಟು. ಬಾಟಲಿಗಿಂತ ಸ್ವಲ್ಪ ಚಿಕ್ಕದಾಗಿ, ಅದೇ ಆಕಾರಕ್ಕೆ ರಟ್ಟು ಕತ್ತರಿಸಬೇಕು. ಅಡುಗೆಯ ಅಲ್ಯೂಮಿನಿಯಂ ಫಾಯಿಲ್ ಮುದುಡಿ, ಮತ್ತೆ ಬಿಡಿಸಿ, ರಟ್ಟಿಗೆ ಅಂಟಿಸಬೇಕು. ಇದನ್ನು ಬಾಟಲಿಯ ಬೆನ್ನಿಗೆ ನಿಲ್ಲಿಸಿ ಕಿಟಕಿ ಕಡೆಗೆ ಕೊಂಚ ತಿರುಗಿಸಿದರೆ, ಕಿಟಕಿಯ ಬೆಳಕು ಫಾಯಿಲ್‌ಗೆ ಬಡಿದು ಜೇನಿನೊಳಗಿಂದ ಮುಂದೆ ಬರುತ್ತದೆ. ಕ್ಯಾಮೆರಾಗೆ ರಟ್ಟು ಕಾಣುವುದೇ ಇಲ್ಲ. ಅತ್ತಿಗೆ ಸ್ಕ್ರೀನ್ ನೋಡಿ "ಅಯ್ಯೋ, ಇದು ನಮ್ಮ ಜೇನೇನಾ?" ಎಂದರು. ತೋಟದ ಬಿಸಿಲಿಗೆ ಹಿಡಿದಾಗ ಕಾಣುವ ಬಣ್ಣವೇ ಅದು. ನಾನೇನೂ ಸೇರಿಸಿರಲಿಲ್ಲ.

ಎರಡನೆಯದು ಬಾಟಲಿಯನ್ನು ಕ್ಯಾಮೆರಾಗೂ ಕಿಟಕಿಗೂ ನಡುವೆ ಇಟ್ಟು, ಕಿಟಕಿಗೆ ಪಂಚೆಯ ಚೌಕಟ್ಟು ಅಡ್ಡ ನಿಲ್ಲಿಸುವುದು. ಹಿನ್ನೆಲೆ ಪೂರ್ತಿ ಬೆಳ್ಳಗೆ. ಆಗ ಗಾಜಿನ ಅಂಚು ಬಿಳಿಯಲ್ಲಿ ಕರಗಿ ಹೋಗುತ್ತದೆ, ಬಾಟಲಿ ಎಲ್ಲಿ ಮುಗಿಯಿತು ಗೊತ್ತಾಗುವುದಿಲ್ಲ. ಬಾಟಲಿಯ ಎರಡೂ ಪಕ್ಕ, ಫೋಟೋದ ಚೌಕಟ್ಟಿನಿಂದ ಸ್ವಲ್ಪ ಹೊರಗೆ, ವೆಲ್ವೆಟ್ ಸುತ್ತಿದ ರಟ್ಟು ನಿಲ್ಲಿಸಿದೆವು. ಗಾಜಿನ ಅಂಚಿಗೆ ತೆಳುವಾದ ಕಪ್ಪು ಗೆರೆ ಬಂತು. ಆಕಾರ ಎದ್ದು ನಿಂತಿತು. ಲೇಬಲ್ ಮಾತ್ರ ಕತ್ತಲಾಗುತ್ತದೆ, ಅದಕ್ಕೆ ಫೋನಿನ ಎರಡೂ ಬದಿಗೆ ಥರ್ಮಾಕೋಲ್ ತುಂಡು ಇಟ್ಟು ಬೆಳಕು ವಾಪಸ್ ಕಳಿಸಬೇಕು.

ಬಾಟಲಿ ತುಂಬಿದ ಕೂಡಲೇ ಫೋಟೋ ಬೇಡ. ಒಳಗೆ ಗುಳ್ಳೆ ಇರುತ್ತದೆ, ಒಂದು ರಾತ್ರಿ ಬಿಡಿ. ಚಳಿಗೆ ಜೇನು ಹರಳುಗಟ್ಟಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ತಿಳಿಯಾಗುತ್ತದೆ. ಕುದಿಯುವ ನೀರು ಬೇಡ, ಜೇನಿನ ಪರಿಮಳ ಹೋಗುತ್ತದೆ. ಇನ್ನು ಫೋನಿನ ಪೋರ್ಟ್ರೇಟ್ ಮೋಡ್ ಗಾಜಿಗೆ ಬಳಸಲೇಬೇಡಿ. ಹಿಂದಿನದನ್ನು ಮಸುಕು ಮಾಡುವಾಗ ಬಾಟಲಿಯ ಅಂಚನ್ನೂ ಕಚ್ಚಿ ತಿನ್ನುತ್ತದೆ.

ಪೌಚ್, ಕಾಳು, ಕಚಂಪುಳಿ

ಕಾಫಿ ಪುಡಿಯ ಪೌಚ್ ಹೊಳೆಯುವ ಪ್ಲಾಸ್ಟಿಕ್. ಎದುರಿಗೆ ಏನಿದೆಯೋ ಅದೆಲ್ಲ ಅದರಲ್ಲಿ ಕಾಣುತ್ತದೆ. ಫೋನ್, ಬೆರಳು, ಅತ್ತಿಗೆಯ ಕೆಂಪು ನೈಟಿ. ಒಂದು ಕಪ್ಪು ಚಾರ್ಟಿನಲ್ಲಿ ಲೆನ್ಸ್‌ಗಷ್ಟೇ ತೂತು ಮಾಡಿ, ಫೋನ್ ಅದರ ಹಿಂದೆ ಇಟ್ಟು ತೆಗೆದೆವು. ಎಡಗಡೆ ಪಂಚೆಯ ಬೆಳಕು, ಬಲಗಡೆ ಕಪ್ಪು. ಪೌಚ್ ಮೇಲೆ ಬಿಳಿಯಿಂದ ಕಪ್ಪಿಗೆ ಇಳಿಯುವ ಒಂದೇ ಒಂದು ಛಾಯೆ ಉಳಿಯಿತು, ಅದರಿಂದಲೇ ಪೌಚ್ ತುಂಬಿಕೊಂಡ ಹಾಗೆ ಕಾಣುತ್ತದೆ. ಸುಕ್ಕು ಹೋಗಲು ಒಳಗೆ ಹಿಂಭಾಗಕ್ಕೆ ಒಂದು ರಟ್ಟು ತೂರಿಸಿದೆವು. ಪೌಚಿನ ಹಿಂಭಾಗದ ಫೋಟೋವನ್ನೂ ಮರೆಯಬೇಡಿ. 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ) ನಂಬರ್, ತೂಕ, ಪ್ಯಾಕ್ ಮಾಡಿದ ದಿನಾಂಕ ಓದಲು ಬರಬೇಕು. ಗಿರಾಕಿಗೆ ನಂಬಿಕೆ ಬರುವುದು ಅಲ್ಲಿಂದ.

ಬರೀ ಪುಡಿಯ ಫೋಟೋ ತೆಗೆದರೆ ಮಣ್ಣು ಅನ್ನಿಸುತ್ತದೆ. ಫಿಲ್ಟರ್ ಕಾಫಿಯ ಹಬೆ ತೋರಿಸಿದರೆ ಮಾತೇ ಬೇರೆ. ಹಬೆ ಬಿಳಿ ಹಿನ್ನೆಲೆಯಲ್ಲಿ ಕಾಣುವುದಿಲ್ಲ. ಹಿಂದೆ ವೆಲ್ವೆಟ್, ಬೆಳಕು ಹಿಂದಿನಿಂದ ಓರೆಯಾಗಿ ಬರಬೇಕು. ಮಳೆಗಾಲದ ತಣ್ಣನೆ, ತೇವದ ಗಾಳಿಯಲ್ಲಿ ಹಬೆ ದಟ್ಟವಾಗಿ ಏಳುತ್ತದೆ, ಇದೊಂದು ಲಾಭ. ಮೊದಲು ಖಾಲಿ ಲೋಟ ಇಟ್ಟು ಎಲ್ಲ ಹೊಂದಿಸಿಕೊಳ್ಳಬೇಕು, ಕೊನೆಯಲ್ಲಿ ಕುದಿಯುವ ಕಾಫಿ ಸುರಿಯಬೇಕು. ನೊರೆ ಕಾಯುವುದಿಲ್ಲ.

ಮೆಣಸಿನ ಕಾಳಿನ ಸುಕ್ಕು ಕಾಣಬೇಕಾದರೆ ಬೆಳಕು ಪಕ್ಕದಿಂದ, ತಗ್ಗಿನಿಂದ ಬರಬೇಕು. ಇಲ್ಲಿ ಥರ್ಮಾಕೋಲ್ ತೆಗೆದುಹಾಕಿದೆವು. ತುಂಬ ಹತ್ತಿರ ಹೋದರೆ ಫೋನ್ ತಾನಾಗಿಯೇ ಮ್ಯಾಕ್ರೋಗೆ, ಅಂದರೆ ಚಿಕ್ಕ ಲೆನ್ಸ್‌ಗೆ ಜಿಗಿಯುತ್ತದೆ. ಫೋನಿನ ನೆರಳೂ ಬೀಳುತ್ತದೆ. ಒಂದಡಿ ಹಿಂದೆ ಸರಿದು 2ಎಕ್ಸ್ ಝೂಮ್ ಇಟ್ಟರೆ ಎರಡೂ ತೊಂದರೆ ಇಲ್ಲ. ಬಾಟಲಿಗಳಿಗೂ ಇದೇ ಮಾತು. ಹತ್ತಿರದಿಂದ ತೆಗೆದರೆ ಬಾಟಲಿಯ ಹೊಟ್ಟೆ ಉಬ್ಬಿದ ಹಾಗೆ ಕಾಣುತ್ತದೆ.

ಏಲಕ್ಕಿಗೆ ಗಿರಾಕಿ ಕೇಳುವ ಮೊದಲ ಪ್ರಶ್ನೆ "ಎಷ್ಟು ಎಂಎಂ?" ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಒಂದು ಫೋಟೋ ತೆಗೆದು ಇಟ್ಟುಕೊಂಡರೆ ನೂರು ಸಲ ಟೈಪ್ ಮಾಡುವುದು ತಪ್ಪುತ್ತದೆ. ಬಣ್ಣ ನಿಜ ಇರಬೇಕು. ಸ್ಯಾಚುರೇಶನ್ ಎಳೆದು ಕಡುಹಸಿರು ಮಾಡಿದರೆ ಈ ಸಲ ಮಾರಾಟ ಆಗಬಹುದು, ಡಬ್ಬಿ ತೆರೆದವರು ಮತ್ತೆ ಬರುವುದಿಲ್ಲ.

ಕಚಂಪುಳಿ ಹಣ್ಣಿನ ರಸ ಕುದಿಸಿ ಕುದಿಸಿ ಕಪ್ಪಾದ ಹುಳಿ. ಅದರೊಳಗೆ ಬೆಳಕು ತೂರುವುದಿಲ್ಲ, ಜೇನಿನ ಉಪಾಯ ಇಲ್ಲಿ ನಡೆಯುವುದಿಲ್ಲ. ಹಿನ್ನೆಲೆ ಕಪ್ಪು ಮಾಡಿ, ಬಾಟಲಿಯ ಹಿಂದೆ ಎರಡೂ ಬದಿಗೆ ಥರ್ಮಾಕೋಲ್ ಪಟ್ಟಿ ನಿಲ್ಲಿಸಿದೆವು. ಅಂಚಿಗೆ ಬಿಳಿ ಗೆರೆ ಬಂತು. ಪಕ್ಕದಲ್ಲಿ ಬಿಳಿ ಪಿಂಗಾಣಿ ತಟ್ಟೆಗೆ ಒಂದು ಚಮಚ ಸುರಿದರೆ, ತೆಳುವಾದ ಅಂಚಿನಲ್ಲಿ ಅದರ ಕೆಂಗಂದು ಬಣ್ಣ ಕಾಣುತ್ತದೆ. ಕೊಡಗಿನ ಹಂದಿ ಸಾರು ಪಂದಿ ಕರಿ ಮಾಡುವವರಿಗೆ ಅಷ್ಟು ಸಾಕು.

ಫೋನಿನಲ್ಲಿ

ಮೊದಲು ಲೆನ್ಸ್ ಒರೆಸಿ. ತಮಾಷೆ ಅಲ್ಲ, ಅಡುಗೆಮನೆಯಲ್ಲಿ ಓಡಾಡುವ ಫೋನಿನ ಲೆನ್ಸ್ ಮೇಲೆ ಎಣ್ಣೆಯ ಪಸೆ ಇದ್ದೇ ಇರುತ್ತದೆ. ಗ್ರಿಡ್ ಆನ್ ಮಾಡಿ. ಲೇಬಲ್ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತವೆ. ಪಕ್ಕದಲ್ಲಿ ಬರುವ ಸೂರ್ಯನ ಗುರುತು ಎಳೆದು ಬೆಳಕು ಹೆಚ್ಚು ಕಡಿಮೆ ಮಾಡಬಹುದು. ಎಲ್ಲವನ್ನೂ ನಡುಮಟ್ಟದ ಬೂದು ಮಾಡುವುದು ಕ್ಯಾಮೆರಾದ ಚಾಳಿ. ಬಿಳಿ ಸನ್‌ಮೈಕಾ ಇದ್ದರೆ ಅದನ್ನು ಬೂದು ಮಾಡುತ್ತದೆ, ನಾವು ಮೇಲೆ ಎಳೆಯಬೇಕು. ಕಪ್ಪು ವೆಲ್ವೆಟ್ ಇದ್ದರೆ ಅದನ್ನೂ ಬೂದು ಮಾಡಲು ನೋಡುತ್ತದೆ, ಕೆಳಗೆ ಎಳೆಯಬೇಕು.

ಪ್ರೋ ಮೋಡ್ ಇದ್ದರೆ ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ, ಮೋಡದ ದಿನಕ್ಕೆ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಹತ್ತಿರ. ಇಲ್ಲದಿದ್ದರೆ ಶುರುವಿನಲ್ಲಿ ಬಿಳಿ ಹಾಳೆಯ ಒಂದು ಫೋಟೋ ತೆಗೆಯಿರಿ. ಫೋಟೋ ತಿದ್ದುವ ಆ್ಯಪ್ ಸ್ನ್ಯಾಪ್‌ಸೀಡ್‌ನ ವೈಟ್ ಬ್ಯಾಲೆನ್ಸ್‌ನಲ್ಲಿ ಬಣ್ಣ ಹೆಕ್ಕುವ ಡ್ರಾಪರ್ ಇದೆ. ಅದನ್ನು ಹಾಳೆಯ ಮೇಲೆ ಇಟ್ಟಾಗ ಬಣ್ಣ ಎಷ್ಟು ಸರಿಯಿತು ಎಂದು ನೋಡಿಕೊಂಡು, ಅವತ್ತಿನ ಉಳಿದ ಫೋಟೋಗೂ ಅಷ್ಟೇ ಹಾಕಿದರೆ ಎಲ್ಲ ಒಂದೇ ಮನೆಯ ಮಾಲು ಅನ್ನಿಸುತ್ತದೆ.

ಅಳತೆಯ ವಿಷಯ. ಇನ್‌ಸ್ಟಾಗ್ರಾಮ್‌ಗೆ 1080 x 1350, ಸ್ಟೋರಿಗೆ 1080 x 1920, ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್‌ಗೆ ಚೌಕ. 2025ರ ಜನವರಿಯಿಂದ ಇನ್‌ಸ್ಟಾಗ್ರಾಮ್ ಪ್ರೊಫೈಲ್‌ನಲ್ಲಿ ಚೌಕದ ಬದಲು ಉದ್ದನೆಯ ಚೌಕಟ್ಟು ಬಂದಿದೆ. ಮೂರಕ್ಕೂ ಬೇರೆ ಬೇರೆ ತೆಗೆಯುವ ಪುರುಸೊತ್ತು ಯಾರಿಗಿದೆ? ಬಾಟಲಿ ಮಧ್ಯದಲ್ಲಿರಲಿ, ಸುತ್ತ ಧಾರಾಳ ಜಾಗ ಬಿಡಿ, ಆಮೇಲೆ ಬೇಕಾದ ಹಾಗೆ ಕತ್ತರಿಸಿಕೊಳ್ಳಿ. ಫೋಟೋ ವಾಟ್ಸಾಪ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿ ಆಮೇಲೆ ಪೋಸ್ಟ್ ಮಾಡುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಾಗಿ ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ.

ರಾತ್ರಿ ತೆಗೆಯಲೇಬೇಕಾದ ದಿನಕ್ಕೆ ಸಿಆರ್‌ಐ (ಬಲ್ಬ್ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಮೇಲೆ ಎಂದು ಡಬ್ಬಿಯಲ್ಲಿ ಬರೆದಿರುವ ಎಲ್‌ಇಡಿ ಬಲ್ಬ್ ಒಂದು ಇಟ್ಟುಕೊಂಡಿದ್ದೇವೆ. ಪಂಚೆಯ ಹಿಂದೆ, ಕಿಟಕಿ ಇದ್ದ ಜಾಗದಲ್ಲೇ. ಅಗ್ಗದ ಬಲ್ಬ್‌ನಲ್ಲಿ ವಿಡಿಯೋ ತೆಗೆದರೆ ಪಟ್ಟೆ ಪಟ್ಟೆ ಓಡುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್, ಬಲ್ಬ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಟ್ಟರೆ ಪಟ್ಟೆ ನಿಲ್ಲುತ್ತದೆ. ಮಳೆ ಜೋರಾಗಿದ್ದರೆ ಹೆಂಚಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಮಾತನ್ನು ಬೇರೆ ರೆಕಾರ್ಡ್ ಮಾಡಿ ಸೇರಿಸುತ್ತೇವೆ.

ತೋಟದ ಫೋಟೋಗೆ ಈ ಮೇಜು ಬೇಕಿಲ್ಲ, ಆದರೆ ಕಾಲ ನೋಡಬೇಕು. ಕಾಫಿ ಹೂವು ಮಾರ್ಚ್ ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಕೆಲವೇ ದಿನ. ಆಗ ತೆಗೆದು ವರ್ಷಪೂರ್ತಿ ಬಳಸಬೇಕು. ಕಣದಲ್ಲಿ ಹಣ್ಣು ಒಣಗಿಸುವವರ ಮುಖ ಬರುವುದಾದರೆ ಮೊದಲು ಕೇಳಿ, ಅವರು ಬೇಡ ಅಂದರೆ ಕೈ ಮಾತ್ರ ತೆಗೆಯಿರಿ, ಅಥವಾ ಬಿಟ್ಟುಬಿಡಿ.

ಈಗ ಬಾಕಿ ಇರುವುದು ಎರಡನೆಯ ಹಿನ್ನೆಲೆ. ಬಿಳಿಯ ಮೇಲೆ ಮೆಣಸು ಸ್ವಲ್ಪ ಆಸ್ಪತ್ರೆ ಅನ್ನಿಸುತ್ತದೆ ಎಂದು ಅತ್ತಿಗೆಯ ಗೊಣಗಾಟ, ನನಗೂ ಹೌದು ಅನ್ನಿಸಿದೆ. ಹಿತ್ತಲಲ್ಲಿ ಹಳೇ ಹಲಸಿನ ಹಲಗೆಗಳು ಬಿದ್ದಿದ್ದವು. ಉಪ್ಪುಕಾಗದದಲ್ಲಿ ಉಜ್ಜಿ, ಮೂರನ್ನು ಪಕ್ಕ ಪಕ್ಕ ಜೋಡಿಸಿ, ಹಿಂದಿನಿಂದ ರೀಪು ಹೊಡೆದಿದ್ದೇನೆ. ವಾರ್ನಿಷ್ ಹೊಳೆಯುತ್ತದೆ, ಕೊಬ್ಬರಿ ಎಣ್ಣೆ ಕಮಟು ವಾಸನೆ ಬರುತ್ತದೆ, ಅದಕ್ಕೆ ಅಗಸೆ ಎಣ್ಣೆ ತೆಳುವಾಗಿ ಬಳಿದಿದ್ದೇನೆ. ಈ ತೇವದಲ್ಲಿ ಒಣಗಲು ಟೈಮ್ ಬೇಕು. ಸದ್ಯಕ್ಕೆ ಒಲೆಯ ಅಟ್ಟದ ಮೇಲೆ ಇಟ್ಟಿದ್ದೇವೆ. ಒಣಗಿದ ಮೇಲೆ ಮೆಣಸು, ಏಲಕ್ಕಿ ಎರಡರದ್ದೂ ಹೊಸದಾಗಿ ತೆಗೆಯಬೇಕು.